ಕವರಿನ ಕೆಳಗಿನ ಕಾರು

ಕಾರಿಗೆ ಹೊದಿಸುವ ಒಂದು ಕವರಿಗಾಗಿ ಆ ಮನೆಯಲ್ಲಿ ಹನ್ನೊಂದು ದಿನ ಜಗಳ ನಡೆಯಿತು ಅಂದರೆ ಕೇಳಿದವರು ನಕ್ಕಾರು. ನಗಲಿ ಬಿಡಿ. ಆ ಹನ್ನೊಂದು ದಿನವೂ ಅತ್ತೆಗೂ ಗಂಡನಿಗೂ ಒಂದೇ ಮೇಜಿನ ಮೇಲೆ ಊಟ ಬಡಿಸಿದವಳು ಕೊಲೀನ್. ಅವಳಿಗಂತೂ ನಗು ಬಂದಿರಲಿಲ್ಲ.

ಕಾರು ಅತ್ತೆಯದು. ಅರವತ್ತೇಳನೇ ಇಸವಿಯ ಬ್ಯೂಕ್, ಕೆನೆ ಬಣ್ಣ, ನಾಲ್ಕು ಬಾಗಿಲು. ಸೈಮಾ ಪೆಲ್ಕೊನೆನ್ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಸೂಪು ಕಾಯಿಸಿ, ಗಂಡ ಬೇಡ ಬೇಡ ಅನ್ನುತ್ತಿದ್ದರೂ ತನ್ನ ಸಂಬಳದಲ್ಲೇ ಕೊಂಡದ್ದು. ಈಗ ಗಂಡ ಇಲ್ಲ. ಮನೆಯನ್ನು ಮಗ ರಾಡ್ನಿಯ ಹೆಸರಿಗೆ ಬರೆದುಕೊಟ್ಟಾಗಿದೆ. ಇನ್ನು ಅವಳ ಹೆಸರಿನಲ್ಲಿ ಉಳಿದದ್ದು ಆ ಕಾರೊಂದೇ. ಮೇ ತಿಂಗಳ ಮೊದಲ ಭಾನುವಾರ ಚರ್ಚು ಮುಗಿಸಿ, ಮೂವರು ಗೆಳತಿಯರನ್ನು ಹತ್ತಿಸಿಕೊಂಡು, ಸುಪೀರಿಯರ್ ಸರೋವರದ ದಂಡೆ ಹಿಡಿದು ತುದಿಯ ಬಂದರಿನವರೆಗೂ ಹೋಗಿ ಹೊಗೆಯಲ್ಲಿ ಬೇಯಿಸಿದ ಮೀನು ತಿಂದು ಬರುವುದು ಅವಳ ನೇಮ. ಎಪ್ಪತ್ತೇಳು ತುಂಬಿದರೂ ಅದು ಒಂದು ವರ್ಷವೂ ತಪ್ಪಿರಲಿಲ್ಲ. ಹಿಮ ಬೀಳುವ ಮುಂಚೆ ಕಾರು ಗ್ಯಾರೇಜು ಸೇರಿದರೆ ಮತ್ತೆ ಹೊರಬರುವುದು ಮೇ ತಿಂಗಳಿಗೇ.

ಈ ವರ್ಷ ಗ್ಯಾರೇಜಿನಲ್ಲಿ ಜಾಗವಿರಲಿಲ್ಲ. ಕಾಗದದ ಕಾರ್ಖಾನೆ ಬೇಸಿಗೆಯಲ್ಲಿ ಮುಚ್ಚಿ, ರಾಡ್ನಿ ಐವತ್ತನೇ ವಯಸ್ಸಿಗೆ ಬರಿಗೈಯಲ್ಲಿ ಮನೆಗೆ ಬಂದಿದ್ದ. ಸುಮ್ಮನೆ ಕೂರುವ ಆಸಾಮಿ ಅಲ್ಲ. ಗ್ಯಾರೇಜಿನ ಸೋರುವ ಮಾಡು ಕಿತ್ತು ಹೊಸ ತಗಡು ಹೊದಿಸಿದ, ಒಳಗೆ ಕಟ್ಟಿಗೆ ಒಲೆ ಕೂರಿಸಿದ, ಹಿಮದ ಮೇಲೆ ಓಡಿಸುವ ಸ್ನೋಮೊಬೈಲು, ಹಿಮ ಎಸೆಯುವ ಯಂತ್ರಗಳ ರಿಪೇರಿ ಅಂತ ಬೋರ್ಡು ತಗುಲಿಸಿದ. ಪಶ್ಚಿಮದ ಕಡೆ ಗಿರಾಕಿಗಳು ಬರುವ ದಾರಿ. ಹಾಗಾಗಿ ಕಾರಿಗೆ ಸಿಕ್ಕಿದ್ದು ಗ್ಯಾರೇಜಿನ ಪೂರ್ವದ ಗೋಡೆಯ ಮಗ್ಗುಲು, ಬಯಲಿನಲ್ಲಿ.

“ನೀಲಿ ತಾಡಪಾಲು ಇದೆಯಲ್ಲಮ್ಮ. ಹೊದಿಸಿ ಎರಡು ಹಗ್ಗ ಬಿಗಿದ್ರೆ ಮುಗೀತು” ಅಂದ ರಾಡ್ನಿ.

“ಅದನ್ನ ನಿನ್ನ ತಲೆಗೆ ಸುತ್ಕೋ” ಅಂದಳು ಸೈಮಾ. “ಪ್ಲಾಸ್ಟಿಕ್ ಒಳಗೆ ತೇವ ನಿಂತು ಬಣ್ಣ ಗುಳ್ಳೆ ಏಳತ್ತೆ. ಗಾಳಿಗೆ ಪಟಪಟ ಹೊಡ್ಕೊಂಡು ಉಜ್ಜಿ ಹಾಕತ್ತೆ. ಒಳಗಡೆ ಮೆತ್ತನೆ ಬಟ್ಟೆ ಇರೋ ಕವರು ಬೇಕು. ಉಸಿರಾಡೋಂಥದ್ದು.”

“ಕಾರು ಉಸಿರಾಡತ್ತಾ ಅಜ್ಜಿ?” ಅಂದಳು ಮೊಮ್ಮಗಳು ಟೆಸ್ಸಾ. ಅವಳಿಗೆ ಹದಿನೈದು. ಬಾಯಿ ಮಾತ್ರ ಮೂವತ್ತರದು.

“ನಿಮ್ಮಪ್ಪನಿಗಿಂತ ಚೆನ್ನಾಗಿ.”

“ಆ ಕವರಿಗೆ ಇನ್ನೂರು ಚಿಲ್ಲರೆ ಡಾಲರ್ ಕಣಮ್ಮ! ಒಂದು ಬಟ್ಟೆಗೆ!”

“ನನ್ನ ಪಿಂಚಣಿ. ನಿನ್ನ ಜೇಬಿಗೆ ಕೈ ಹಾಕಿದ್ನಾ?”

“ಜೇಬಲ್ಲಿ ಏನೂ ಇಲ್ಲ ಅಂತ ಹಂಗಿಸ್ತಿದೀಯಾ?”

ಇಂಥ ಹೊತ್ತಿಗೆ ಕೊಲೀನ್ ಬಾಯಿ ಹಾಕಲೇಬೇಕಾಗುತ್ತಿತ್ತು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ದಿನವಿಡೀ ನಿಂತು ಬಂದ ಕಾಲು ಅವಳದು. “ರಾಡ್ನಿ, ಅವರ ಕಾರು, ಅವರ ದುಡ್ಡು. ಮಾಂಸದ ಪಾಸ್ಟಿ ಆರ್ತಿದೆ, ತಿನ್ನು. ಅತ್ತೆ, ನೀವೂ ಅಷ್ಟೆ. ನಿಮ್ಮ ಮಗನಿಗೆ ಕೆಲಸ ಹೋಗಿದೆ, ಕಿವಿ ಹೋಗಿಲ್ಲ. ಸ್ವಲ್ಪ ಮೆಲ್ಲಗೆ ಹೇಳಿ.”

ಸೈಮಾ ಗೊಳ್ಳನೆ ನಕ್ಕಳು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಮೂರು ದಿನ ಮಾತು ಬಿಡುತ್ತಿದ್ದಳು. ಕೊಲೀನ್ ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಏಲಕ್ಕಿ ಬ್ರೆಡ್ಡಿಗೆ ಸಕ್ಕರೆ ಎಷ್ಟು ಅನ್ನುವುದಕ್ಕೂ ಕಿತ್ತಾಡಿದವರು. ಆದರೆ ಅನ್ನಬೇಕಾದ್ದನ್ನೆಲ್ಲ ಕೊಲೀನ್ ಮುಖಕ್ಕೇ ಅನ್ನುತ್ತಿದ್ದಳು. ಮುದುಕಿಗೆ ಬೇಕಾಗಿದ್ದದ್ದು ಅಷ್ಟೇ. ಸೈಮಾಳ ತವರಿನಿಂದ ಬಂದ ಕೆರೆಯಂಚಿನ ಮರದ ಮನೆಯನ್ನು ಗಂಡ ತೊಯಿವೊ ಒಮ್ಮೆ ಮಾರಿ, ಮೂರು ತಿಂಗಳು ಬಾಯಿ ಬಿಟ್ಟಿರಲಿಲ್ಲವಂತೆ. “ಮಾರಿದ್ದು ಹೋಗಲಿ” ಅನ್ನುತ್ತಿದ್ದಳು ಸೈಮಾ, “ಮೂರು ತಿಂಗಳು ನನ್ನ ಎದುರು ಕೂತು ಉಂಡ ನೋಡು, ಅದನ್ನ ನಾನು ಮಣ್ಣಿಗೆ ಹೋದ್ರೂ ಮರೆಯಲ್ಲ.”

ಹನ್ನೆರಡನೇ ದಿನ ಕವರು ಬಂತು. ಸೈಮಾ ಗೆದ್ದಿದ್ದಳು. ಶನಿವಾರ ಮನೆಮಂದಿಯೆಲ್ಲ ಕೈ ಹಾಕಿದರು. ಟೆಸ್ಸಾ ಕಾರು ತೊಳೆದಳು, ಕೊಲೀನ್ ಒಂದು ಹನಿಯೂ ಉಳಿಯದಂತೆ ಒರೆಸಿದಳು. ತೇವ ಇದ್ದಾಗ ಹೊದಿಸಿದರೆ ಹೊದಿಸದೆ ಇರುವುದೇ ವಾಸಿ ಅಂತ ಮುದುಕಿ ಬಾಗಿಲ ಸಂದಿಗೂ ಬೆರಳು ಹಾಕಿ ನೋಡಿದಳು. ಟ್ಯಾಂಕು ತುಂಬಿಸಿದ್ದಾಯಿತು, ಬ್ಯಾಟರಿ ಬಿಚ್ಚಿ ನೆಲಮಾಳಿಗೆಗೆ ಇಳಿಸಿದ್ದಾಯಿತು, ಇಲಿ ನುಗ್ಗದಂತೆ ಹೊಗೆ ಕೊಳವೆಗೆ ಉಕ್ಕಿನ ನಾರು ತುರುಕಿದ್ದಾಯಿತು. ರಾಡ್ನಿ ಗೊಣಗುತ್ತಲೇ ಅಂಗಾತ ಮಲಗಿ ಕಾರಿನ ಹೊಟ್ಟೆಯ ಕೆಳಗೆ ಪಟ್ಟಿ ಬಿಗಿದ.

ಎಲ್ಲರ ಬುದ್ಧಿಯೂ ಆ ಕವರಿನ ಮೇಲೆಯೇ ಇತ್ತು. ತಲೆ ಎತ್ತಿ ಮೇಲೆ ನೋಡಿದವರು ಒಬ್ಬರೂ ಇಲ್ಲ. ಒಲೆ ಉರಿಯುವ ಕಟ್ಟಡಕ್ಕೆ ತಗಡಿನ ಮಾಡು ಇದ್ದರೆ ಅದರ ಮೇಲಿನ ಹಿಮ ಒಂದಲ್ಲ ಒಂದು ದಿನ ಒಟ್ಟಿಗೇ ಜಾರುತ್ತದೆ. ಆ ಊರಿನಲ್ಲಿ ಇದು ಮೂರನೇ ತರಗತಿಯ ಮಗುವಿಗೂ ಗೊತ್ತು. ಆದರೆ ಆ ಗ್ಯಾರೇಜು ಅಷ್ಟು ವರ್ಷವೂ ತಣ್ಣಗೇ ಇದ್ದದ್ದು, ಅದರ ಹಳೆಯ ಮಾಡಿನ ಹಿಮ ಕೂತಲ್ಲೇ ಕೂತು ಕರಗಿದ್ದು. ಕಣ್ಣಿಗೆ ಆದ ರೂಢಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ!

ಡಿಸೆಂಬರು, ಜನವರಿ ಎರಡೂ ತಿಂಗಳು ಒಂದೇ ಸಮ ಸುರಿಯಿತು. ಪ್ರತಿ ಸಲ ಹಿಮ ನಿಂತ ಮೇಲೆ ಸೈಮಾ ಬೂಟು ಏರಿಸಿ, ಪೊರಕೆಗೆ ಹಳೇ ಟವೆಲು ಸುತ್ತಿ, ಕವರಿನ ಮೇಲಿನದನ್ನು ಗುಡಿಸಿ ಬರುತ್ತಿದ್ದಳು. ಬಂದವಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಎಡಗಡೆ ಪಟ್ಟಿ ಸಡಿಲ ಆಗಿದೆ, ಕಿಟಕಿ ಹತ್ತಿರ ಮಂಜು ಗಟ್ಟಿಯಾಗಿದೆ, ಗಾಳಿ ಈ ಸಲ ಸರೋವರದ ಕಡೆಯಿಂದ ಬರ್ತಿಲ್ಲ ಅಂತ ಅಡುಗೆಮನೆಯ ತುಂಬ ಓಡಾಡುತ್ತಿದ್ದಳು.

“ಅಮ್ಮ, ಅದಕ್ಕೆ ಜ್ವರ ಬಂದಿದ್ಯಾ ಅಂತಾನೂ ಮುಟ್ಟಿ ನೋಡ್ಬಿಡು” ಅಂತ ರಾಡ್ನಿ ಕೆಣಕುತ್ತಿದ್ದ.

“ನೋಡ್ದೆ. ಇಲ್ಲ. ನಿನಗೇ ಬಂದಿರೋ ಹಾಗಿದೆ. ಟೋಪಿ ಇಲ್ದೆ ತಿರುಗ್ತೀಯ.”

ಫೆಬ್ರವರಿಯಲ್ಲಿ ಅವಳ ತಂಗಿ ಇಂಪಿಗೆ ಮಂಡಿಯ ಆಪರೇಷನ್ ಆಯಿತು. ಸೈಮಾ ಹತ್ತು ದಿನಕ್ಕೆ ತಂಗಿಯ ಊರಿಗೆ ಬಸ್ಸು ಹತ್ತಿದಳು. ಹೊರಡುವ ಮುಂಚೆ ಪೊರಕೆಯನ್ನು ಟೆಸ್ಸಾಳ ಕೈಗೇ ಕೊಟ್ಟು ಹೋದಳು.

ಅದೇ ವಾರ ರಾಡ್ನಿಗೆ ಕೈತುಂಬ ಕೆಲಸ. ಸ್ನೋಮೊಬೈಲಿನ ರೇಸು ಹತ್ತಿರ ಬಂದು ಗಿರಾಕಿಗಳು ಸಾಲುಗಟ್ಟಿದ್ದರು. ಒಲೆ ಮೂರು ದಿನ ಆರಲೇ ಇಲ್ಲ. ನಾಲ್ಕನೇ ದಿನ ಬಿಸಿಲೂ ಬಂತು. ಮಧ್ಯಾಹ್ನ ಕೊಲೀನ್ ಪಾತ್ರೆ ತೊಳೆಯುತ್ತಿದ್ದಳು. ಧಡ್ ಅಂತ ಒಂದು ಸದ್ದು. ಕಪಾಟಿನ ಬಟ್ಟಲುಗಳು ಗಲಗಲ ಅಂದವು. ಒದ್ದೆ ಕೈಯಲ್ಲೇ ಓಡಿದಳು.

ಕಾರು ಕಾಣಿಸಲಿಲ್ಲ. ಆ ಜಾಗದಲ್ಲಿ ಹಿಮದ ಗುಡ್ಡೆ. ರಾಡ್ನಿ ಆಗಲೇ ಸಲಿಕೆ ಹಿಡಿದು ಹುಚ್ಚನ ಹಾಗೆ ತೋಡುತ್ತಿದ್ದ. ಅವಳೂ ಇನ್ನೊಂದು ಸಲಿಕೆ ತಂದಳು. ಅರ್ಧ ಗಂಟೆ ಇಬ್ಬರೂ ಎಡೆಬಿಡದೆ ತೋಡಿದರು. ಕವರು ಬಿಚ್ಚಿದಾಗ ಕಾರಿನ ಮಾಡು ಬಾಣಲೆಯ ಹಾಗೆ ತಗ್ಗಾಗಿತ್ತು. ಮುಂದಿನ ಗಾಜು ಈ ತುದಿಯಿಂದ ಆ ತುದಿಗೆ ಸೀಳಿತ್ತು. ಇನ್ನೂರು ಡಾಲರಿನ ಕವರು ಮಾತ್ರ ಒಂದು ನೂಲೂ ಹರಿದಿರಲಿಲ್ಲ.

ರಾಡ್ನಿ ಹಿಮದ ಮೇಲೆ ಕುಸಿದು ಕೂತ. “ನನ್ನ ತಗಡು, ನನ್ನ ಒಲೆ. ನಾನೇ ಕೊಂದೆ ಕೊಲೀನ್ ಅದನ್ನ.”

“ಈಗಲೇ ಫೋನ್ ಮಾಡಿ ಹೇಳು.”

“ಬೇಡ. ಬೇಡ ಕಣೆ. ಚಿಕ್ಕಮ್ಮನ ಮನೇಲಿ ಹೇಳಿ ಅವಳ ಎದೆ ಒಡೀಬೇಕಾ? ಕಾರಿನ ಬಾಡಿ ಕೆಲಸದವನನ್ನ ಹಿಡೀತೀನಿ. ಅವಳು ಮೇನಲ್ಲಿ ಕವರು ತೆಗೆಯೋಷ್ಟರಲ್ಲಿ ಮೊದಲಿನ ಹಾಗೇ ಇರತ್ತೆ. ಅಲ್ಲಿವರೆಗೆ ಬಾಯಿ ಮುಚ್ಕೊಂಡಿರು. ನಿನಗೆ ಕೈ ಮುಗೀತೀನಿ.”

ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವನ ಕಣ್ಣಲ್ಲಿ ನೀರು ಕಂಡದ್ದು ಇದೂ ಸೇರಿ ಎರಡೇ ಸಲ. ಕೊಲೀನ್ “ಆಯ್ತು” ಅಂದುಬಿಟ್ಟಳು.

ರಾಡ್ನಿ ಕಾರಿನೊಳಗೆ ಸೀಟಿನ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಜಾಕ್ ಇಟ್ಟು, ಇನ್ನೊಂದು ಹಲಗೆಯಿಂದ ಮಾಡನ್ನು ಮೇಲಕ್ಕೆತ್ತಿದ. ಪೂರ್ತಿ ಏಳಲಿಲ್ಲ. ಆದರೆ ಕವರು ಎಳೆದು ಬಿಗಿದ ಮೇಲೆ ಹೊರಗಿನಿಂದ ನೋಡಿದರೆ ಗೊತ್ತಾಗುವ ಹಾಗಿರಲಿಲ್ಲ. ಆಮೇಲೆ ಗ್ಯಾರೇಜಿನ ಆ ಬದಿಗೆ ಯಾರೂ ಕಾಲಿಡದಂತೆ ಹಳದಿ ಹಗ್ಗ ಕಟ್ಟಿದ.

ಶಾಲೆಯಿಂದ ಬಂದ ಟೆಸ್ಸಾ ಪೊರಕೆ ಹಿಡಿದು ಹೋದವಳು ಹಗ್ಗ ಕಂಡು, ಸುಮ್ಮನಿರದೆ ಕವರಿನ ಅಂಚು ಎತ್ತಿ ನೋಡಿದಳು. ಒಳಗೆ ಬಂದು ಅಪ್ಪ ಅಮ್ಮನ ಮುಂದೆ ನಿಂತಳು. “ನಾನು ಸುಳ್ಳು ಹೇಳಿದ್ರೆ ವಾರಗಟ್ಟಲೆ ಫೋನ್ ಕಿತ್ಕೋತೀರಲ್ಲ, ನಿಮ್ಮದು ಏನು ಕಿತ್ಕೋಬೇಕು ಈಗ?”

“ಇದು ದೊಡ್ಡವರ ವಿಷಯ” ಅಂದ ರಾಡ್ನಿ.

“ಹೌದು, ಸುಳ್ಳೂ ದೊಡ್ಡದೇ.”

ಸೈಮಾ ಬಂದಳು. ಕೋಟು ಬಿಚ್ಚುವ ಮುಂಚೆಯೇ ಕಿಟಕಿಗೆ ಹೋದಳು. “ಏನದು ಹಗ್ಗ?”

“ಮಾಡಿನ ಹಿಮ ಜಾರ್ತಿದೆ ಅಮ್ಮ. ನಿನ್ನ ತಲೆ ಮೇಲೆ ಬಿದ್ರೆ ಕಷ್ಟ. ಆ ಕಡೆ ಹೋಗೋ ಹಾಗಿಲ್ಲ.”

“ಹೋಗೋ ಹಾಗಿಲ್ವಾ? ಈ ಅಂಗಳಕ್ಕೆ ನಾನು ಮದುಮಗಳಾಗಿ ಬಂದಾಗ ನೀನಿನ್ನೂ ಹುಟ್ಟಿರ್ಲಿಲ್ಲ. ನನಗೆ ಹಗ್ಗ ಕಟ್ತೀಯೇನೋ?”

“ನಿನ್ನ ಒಳ್ಳೇದಕ್ಕೇ ಹೇಳ್ತಿರೋದು!”

“ನಿಮ್ಮಪ್ಪನೂ ಇದೇ ಪದ್ಯ ಹಾಡ್ತಿದ್ದ.” ಮುದುಕಿ ಸೊಸೆಯ ಕಡೆ ತಿರುಗಿದಳು. “ಅವನ ಮಾತು ಬಿಡು. ಕೊಲೀನ್, ನೀನು ಹೇಳು. ಕಾರು ಸರಿ ಇದ್ಯಾ?”

ಕೊಲೀನ್ ಆಲೂಗಡ್ಡೆ ಹೆರೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಸರಿ ಇದೆ ಅತ್ತೆ.”

“ನೀನು ನೋಡಿದ್ಯಾ?”

“ನೋಡಿದೀನಿ.”

“ಹಾಗಾದ್ರೆ ಸರಿ” ಅಂದು ಸೈಮಾ ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಮತ್ತೆ ಕೇಳಲಿಲ್ಲ. ಅಷ್ಟು ಬೇಗ ನಂಬಿದ್ದೇ ಕೊಲೀನ್‌ಗೆ ತಡೆಯದಾಯಿತು. ಎರಡು ಬೈದು, ಹಗ್ಗ ಹಾರಿ ಹೋಗಿ ನೋಡಿದ್ದರೆ ಎಷ್ಟೋ ವಾಸಿ ಇತ್ತು.

ಮಾರ್ಚ್ ಹೇಗೆ ಕಳೆಯಿತೋ ಅವಳಿಗೇ ಗೊತ್ತು. ಬಾಡಿ ಕೆಲಸದವನು ಬಂದು ನೋಡಿ, ಇಂಥ ಕಾರಿನ ಮಾಡು ಗುಜರಿಯಲ್ಲಿ ಹುಡುಕಬೇಕು, ಜೂನ್‌ಗೆ ಮುಂಚೆ ಆಗೋ ಮಾತಲ್ಲ ಅಂದು ಹೋದ. ರಾಡ್ನಿ ಇನ್ನೊಬ್ಬನನ್ನು ಹುಡುಕಿದ. ಅವನು ಫೋನನ್ನೇ ಎತ್ತಲಿಲ್ಲ. ಕೊಲೀನ್ ಎರಡು ಸಲ ಪುಡಿಂಗಿಗೆ ಸಕ್ಕರೆ ಬದಲು ಉಪ್ಪು ಹಾಕಿದಳು. ಸೂಪು ಸೀಯಿಸಿದಳು. ಸೈಮಾ ದಿನಾ ಕಿಟಕಿಯ ಬಳಿ ನಿಂತು, “ಮೇಲುಗಡೆ ಎಷ್ಟು ಕೂತಿದೆ ನೋಡು, ಗುಡಿಸೋಕೆ ಕೈ ತುರಿಸ್ತಿದೆ” ಅನ್ನುವಳು. ಕೊಲೀನ್ ಏನೋ ನೆವ ತೆಗೆದು ಇನ್ನೊಂದು ಕೋಣೆಗೆ ಹೋಗುವಳು.

“ಇವತ್ತು ಹೇಳ್ತೀನಿ” ಅಂತ ಅವಳು ಗಂಡನಿಗೆ ಅಂದದ್ದು ಎಷ್ಟು ಸಲವೋ.

“ಇನ್ನೊಂದು ವಾರ” ಅನ್ನುತ್ತಿದ್ದ ಅವನು.

“ನಿನಗೇನಪ್ಪ, ನೀನು ದಿನವಿಡೀ ಗ್ಯಾರೇಜಲ್ಲಿ ಇರ್ತೀಯ. ಮುಖ ಕೊಟ್ಟು ಕೂರೋಳು ನಾನು.”

“ನಿನ್ನ ಗಂಡ ಕಳ್ಳ ಅಂತ ಹೋಗಿ ಹೇಳ್ತೀಯಾ?”

“ನಾನೂ ಕಳ್ಳೀನೇ ಅಂತ ಹೇಳ್ಬೇಕಲ್ಲ, ಅದಕ್ಕೇ ನಾಲಿಗೆ ಏಳ್ತಿಲ್ಲ.”

ಈಸ್ಟರಿನ ಹಿಂದಿನ ದಿನ ಶನಿವಾರ. ಏಪ್ರಿಲ್ ಮಧ್ಯ. ಅಂಗಳದ ಹಿಮ ಮೊಣಕಾಲಿಗೆ ಇಳಿದಿತ್ತು. ಮಧ್ಯಾಹ್ನವೇ ಎಲ್ಲರೂ ಸೌನಾದ ಬಿಸಿಹಬೆಯಲ್ಲಿ ಬೆವರಿ, ಸ್ನಾನ ಮುಗಿಸಿ, ಕೆಂಪು ಮುಖ ಹೊತ್ತು ಊಟಕ್ಕೆ ಕೂತಿದ್ದರು. ಮೀನಿನ ಸಾರು, ರೈ ಬ್ರೆಡ್ಡು, ಬೆಣ್ಣೆ. ಸೈಮಾ ಏಪ್ರನ್ನಿನ ಜೇಬಿನಿಂದ ಒಂದು ಲಕೋಟೆ ತೆಗೆದು ಸೊಸೆಯ ತಟ್ಟೆಯ ಪಕ್ಕ ಇಟ್ಟಳು.

“ಏನಿದು ಅತ್ತೆ?”

“ಕಾರಿನ ಕಾಗದ. ನಿನ್ನ ಹೆಸರಿಗೆ ರುಜು ಹಾಕಿದೀನಿ. ಕಣ್ಣು ಮೊದಲಿನ ಹಾಗಿಲ್ಲ ನಂದು. ಈ ಮೇನಲ್ಲಿ ನೀನು ಓಡಿಸು, ನಾನು ಪಕ್ಕದಲ್ಲಿ ಕೂತು ಬೈತಾ ಬರ್ತೀನಿ. ಹಿಂದುಗಡೆ ಆ ಮೂವರು ಮುದುಕಿಯರು.”

ರಾಡ್ನಿಯ ಕೈಯ ಚಮಚ ಸಾರಿನಲ್ಲೇ ನಿಂತಿತು. “ಅವಳಿಗಾ? ನನಗಲ್ವಾ?” ಅಂದ. ಬೇಕು ಅಂತ ಅಂದದ್ದಲ್ಲ, ಏನೋ ಒಂದು ಅನ್ನಬೇಕಲ್ಲ.

“ನಿನಗೆ ಮನೆ ಕೊಟ್ಟಾಯ್ತು. ಇವಳು ಬಂದಾಗಿನಿಂದ ನನ್ನ ಮುಖಕ್ಕೆ ಹೊಡೆದ ಹಾಗೆ ಎಷ್ಟು ಮಾತಾಡಿದಾಳೋ ಲೆಕ್ಕ ಇಲ್ಲ. ಆದ್ರೆ ಬಚ್ಚಿಟ್ಟು ಒಂದೂ ಇಲ್ಲ. ಈ ಮನೇಲಿ ಅಂಥ ಇನ್ನೊಬ್ಬರನ್ನ ನಾನು ಕಂಡಿಲ್ಲ. ಅದಕ್ಕೇ ಅವಳಿಗೆ.”

ಟೆಸ್ಸಾ ತಟ್ಟೆಯಿಂದ ತಲೆ ಎತ್ತಲಿಲ್ಲ. ರಾಡ್ನಿ ಹೆಂಡತಿಯ ಕಡೆ ನೋಡಿದ. ಬೇಡ ಅಂತ ಅವನ ಮುಖವೆಲ್ಲ ಅಂಗಲಾಚುತ್ತಿತ್ತು. ತೆಗೆದುಕೊಂಡು, ಥ್ಯಾಂಕ್ಸ್ ಅಂದು, ಜೂನ್‌ವರೆಗೆ ಏನೋ ಒಂದು ಹೇಳಿ ದಾಟಿಸಬಹುದಿತ್ತು. ಕೊಲೀನ್ ಲಕೋಟೆಯನ್ನು ಎರಡೇ ಬೆರಳಲ್ಲಿ ಅತ್ತೆಯ ಕಡೆಗೆ ಸರಿಸಿದಳು.

“ಅತ್ತೆ, ಕಾರಿನ ಮಾಡು ಕುಸಿದಿದೆ. ಮುಂದಿನ ಗಾಜು ಒಡೆದಿದೆ. ಗ್ಯಾರೇಜಿನ ಹಿಮ ಪೂರ್ತಿ ಅದರ ಮೇಲೆ ಬಿತ್ತು. ಒಳಗೆ ಜಾಕ್ ಕೊಟ್ಟು ಎತ್ತಿ ನಿಲ್ಲಿಸಿದೀವಿ. ನೀವು ಕೇಳಿದಾಗ ಸರಿ ಇದೆ ಅಂದೆ. ಸುಳ್ಳು ಹೇಳ್ದೆ.”

ಸೈಮಾ ಬ್ರೆಡ್ಡಿನ ಚೂರನ್ನು ಕೆಳಗಿಟ್ಟಳು. “ಯಾವತ್ತು?”

“ನೀವು ಇಂಪಿ ಚಿಕ್ಕಮ್ಮನ ಮನೇಲಿದ್ದಾಗ.”

“ಅಮ್ಮ, ಅವಳದೇನೂ ತಪ್ಪಿಲ್ಲ, ನಾನೇ—” ಅಂತ ರಾಡ್ನಿ ಎದ್ದ.

“ನೀನು ಕೂತ್ಕೋ.”

ಅವನು ಕೂತ. ಮುದುಕಿ ಎದ್ದು ಬೂಟು ಹಾಕಿಕೊಂಡಳು. ಲೇಸು ಕಟ್ಟುವುದಕ್ಕೆ ಬಹಳ ಹೊತ್ತು ಹಿಡಿಯಿತು, ಯಾರೂ ನೆರವಿಗೆ ಹೋಗುವ ಧೈರ್ಯ ಮಾಡಲಿಲ್ಲ. ಅವಳ ಹಿಂದೆ ಹೋದದ್ದು ಕೊಲೀನ್ ಒಬ್ಬಳೇ. ಸೈಮಾ ಹಗ್ಗವನ್ನು ಎತ್ತಿ ನುಸುಳಿದಳು. ಪಟ್ಟಿ ಬಿಚ್ಚಿ, ಕವರನ್ನು ಮುಂದಿನಿಂದ ಹಿಂದಕ್ಕೆ ಎಳೆದಳು. ಬಿಸಿಲಿಗೆ ಎಲ್ಲ ಕಂಡಿತು. ಮುರುಟಿದ ಮಾಡು, ಸೀಳಿದ ಗಾಜು, ಸೀಟಿಗೆ ಗಾಯವಾಗದಿರಲಿ ಅಂತ ಜಾಕಿನ ಕೆಳಗೆ ಮಡಚಿ ಹಾಸಿದ್ದ ಕಂಬಳಿ. ತಗ್ಗಿನಲ್ಲಿ ಬಣ್ಣ ಎದ್ದಿತ್ತು. ಮಿಕ್ಕ ಕಡೆ ನವೆಂಬರಿನಲ್ಲಿ ಒರೆಸಿದಷ್ಟೇ ಹೊಳೆಯುತ್ತಿತ್ತು.

ಸೈಮಾ ಬಾಗಿಲ ಮೇಲೆ ಕೈ ಇಟ್ಟುಕೊಂಡು ನಿಂತಳು. ಅಳಲಿಲ್ಲ. ಕೊಲೀನ್ ಅತ್ತಳು.

“ಕಾರಿನ ತಗಡು ಸರಿ ಹೋಗತ್ತೆ” ಅಂದಳು ಸೈಮಾ ಕೊನೆಗೆ. “ಮಾಡಿನ ಮೇಲಿಂದ ಹಿಮ ಬೀಳೋದು ಯಾರ ಕೈಲೂ ಇಲ್ಲ. ಅವನು ಬಚ್ಚಿಟ್ಟ, ಅದರಲ್ಲೂ ಹೊಸದೇನಿಲ್ಲ, ಅವರಪ್ಪನ ಮಗ. ನೀನು ಕೊಲೀನ್... ಏಳು ವಾರ ನನ್ನ ಎದುರು ಕೂತು ಉಂಡೆಯಲ್ಲ.”

“ಹೌದು ಅತ್ತೆ. ಉಂಡೆ. ಒಂದು ತುತ್ತೂ ಮೈಗೆ ಹತ್ತಲಿಲ್ಲ.”

“ನನಗೆ ಹತ್ತಿತು. ಹೊಟ್ಟೆ ತುಂಬ ಉಂಡೆ ನಾನು. ನೀನು ಸರಿ ಇದೆ ಅಂದಿದ್ದೆ.”

ಅವಳು ಏಪ್ರನ್ನಿನ ಜೇಬಿನಿಂದ ಲಕೋಟೆ ತೆಗೆದಳು. ಮೇಜಿನಿಂದ ಎದ್ದಾಗ ಅದನ್ನು ಎತ್ತಿಕೊಂಡೇ ಬಂದಿದ್ದಳು. ಕೊಲೀನ್‌ಳ ಕೈ ಹಿಡಿದು ಬೆರಳು ಬಿಡಿಸಿ ಅದನ್ನು ಒಳಗಿಟ್ಟಳು.

“ಕೊಟ್ಟಿದ್ದನ್ನ ವಾಪಸ್ ಕೇಳೋಳಲ್ಲ ನಾನು. ಕಾರು ನಿಂದೇ. ರಿಪೇರಿ ಮಾಡಿಸ್ಕೋ, ಓಡಿಸ್ಕೋ. ಪಕ್ಕದಲ್ಲಿ ಬಂದು ಕೂರಿ ಅಂತ ಮಾತ್ರ ನನ್ನ ಕರೀಬೇಡ.”

“ಅತ್ತೆ, ಹಾಗನ್ನಬೇಡಿ. ಗಾಜು ಒಂದು ಹಾಕಿಸಿದ್ರೆ ಓಡತ್ತೆ. ಮಾಡು ತಗ್ಗಿದ್ರೂ ಕೂರಬಹುದು. ಮೇ ಭಾನುವಾರಕ್ಕೆ ಇನ್ನೂ ಮೂರು ವಾರ ಇದೆ.”

ಮುದುಕಿ ಆಗಲೇ ಹಗ್ಗ ದಾಟಿ ಹೊರಟಿದ್ದಳು. ಮೆಟ್ಟಿಲ ಬಳಿ ಒಂದು ಗಳಿಗೆ ನಿಂತಳು. ತಿರುಗಲಿಲ್ಲ.

“ಮೂರು ವಾರ ಸಾಲಲ್ಲ ಕೊಲೀನ್” ಅಂದು, ಬೂಟಿನ ಹಿಮ ಕೊಡವಿ ಒಳಗೆ ಹೋದಳು.